ನಾಲ್ಕನೇ ತರಗತಿಯ ನಡುವೆ ಮ್ಯೂನಿಕ್‌ಗೆ: ಮಗಳ ಒಂದು ವರ್ಷ ಹಾಳಾಗುತ್ತದೆಯೇ?

ಪ್ರಶ್ನೆ: ನಾವು ಮೈಸೂರಿನವರು. ನನ್ನ ಪತಿಗೆ ಕಂಪನಿಯಿಂದ ಮೂರು ವರ್ಷದ ಮಟ್ಟಿಗೆ ಜರ್ಮನಿಯ ಮ್ಯೂನಿಕ್‌ಗೆ ವರ್ಗವಾಗಿದ್ದು, 2026ರ ನವೆಂಬರ್‌ನಲ್ಲಿ ಹೊರಡಬೇಕಾಗಿದೆ. ಮಗಳು 2017ರ ಆಗಸ್ಟ್‌ನಲ್ಲಿ ಹುಟ್ಟಿದವಳು. ಸಿಬಿಎಸ್‌ಇ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಾಳೆ. ಜರ್ಮನ್ ಒಂದಕ್ಷರವೂ ಬಾರದು. ಅಲ್ಲಿ ಶಾಲೆ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಜುಲೈಗೆ ಮುಗಿಯುತ್ತದಂತೆ. ನಾನೂ ಮಗಳೂ ಇಲ್ಲೇ ಉಳಿದು, ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಹೋದರೆ ವರ್ಷ ಉಳಿಯುತ್ತದೆ ಎಂದು ಅತ್ತೆ ಮಾವ ಹೇಳುತ್ತಾರೆ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೇ ಶಾಲೆ ಬಿಡುವುದರಿಂದ ಪಾಠವೇ ಕಡಿಮೆ ಎಂದೂ, ಹತ್ತು ವರ್ಷಕ್ಕೇ ಮಕ್ಕಳ ಹಣೆಬರಹ ಬರೆದುಬಿಡುತ್ತಾರೆ ಎಂದೂ ಕೇಳಿದ್ದೇನೆ. ಇದರಲ್ಲಿ ಎಷ್ಟು ನಿಜ? ಯಾವಾಗ ಹೊರಡುವುದು ಒಳ್ಳೆಯದು? ಮರಳಿ ಬಂದಾಗ ಯಾವ ತರಗತಿಗೆ ಸೇರಿಸಬೇಕಾಗುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ನಾಲ್ಕು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಾರಣವಿಲ್ಲ. ಒಂದಕ್ಕೆ ಮಾತ್ರ ಕಾರಣವಿದೆ, ಅದು ನೀವು ಭಾವಿಸಿರುವ ಕಡೆಯಲ್ಲಿಲ್ಲ. ನಡುವರ್ಷದಲ್ಲಿ ಶಾಲೆ ಬಿಟ್ಟರೆ ವರ್ಷ ಹಾಳಾಗುತ್ತದೆ ಎಂದು ನಿಮಗೆ ಭಯ. ಆದರೆ ನಿಮ್ಮ ಮಗಳ ವಿಷಯದಲ್ಲಿ ಹೆಚ್ಚು ಅಪಾಯವಿರುವುದು ಇಲ್ಲಿಯ ನಾಲ್ಕನೇ ತರಗತಿಯನ್ನು ಪೂರ್ತಿ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗುವುದರಲ್ಲಿ. ಹಿರಿಯರು ಮೊಮ್ಮಗಳ ಹಿತಕ್ಕಾಗಿಯೇ ಹಾಗೆ ಹೇಳುತ್ತಿದ್ದಾರೆ, ಭಾರತದ ಒಳಗೆ ವರ್ಗವಾಗಿದ್ದರೆ ಅವರ ಮಾತು ಸರಿಯೂ ಆಗಿರುತ್ತಿತ್ತು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಶಾಲಾ ಕ್ರಮಕ್ಕೆ ಅದು ಹೊಂದುವುದಿಲ್ಲ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೊದಲಿಗೆ ಕ್ಯಾಲೆಂಡರ್‌ನ ಮಾತು. ಶಾಲಾ ವರ್ಷ ಯಾವಾಗ ಆರಂಭವಾಗಬೇಕು ಎಂಬುದಕ್ಕೆ ಜಗತ್ತಿನಲ್ಲಿ ಒಂದು ಸಾಮಾನ್ಯ ನಿಯಮವಿಲ್ಲ. ಜಪಾನಿನಲ್ಲಿ ಏಪ್ರಿಲ್‌ನಲ್ಲಿ, ಸಿಂಗಪುರದಲ್ಲಿ ಜನವರಿಯಲ್ಲಿ, ಆಸ್ಟ್ರೇಲಿಯಾದಲ್ಲಿ ಜನವರಿಯ ಕೊನೆಯಲ್ಲಿ, ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್‌ನಲ್ಲಿ ಹೊಸ ತರಗತಿ ಶುರುವಾಗುತ್ತದೆ. ನಮ್ಮ ಮೈಸೂರಿನಲ್ಲೇ ಸಿಬಿಎಸ್‌ಇ ಲೆಕ್ಕದಲ್ಲಿ ಏಪ್ರಿಲ್‌ಗೆ ಆರಂಭವಾಗುವ ವರ್ಷ, ಪಕ್ಕದ ಬೀದಿಯ ಸರ್ಕಾರಿ ಶಾಲೆಯಲ್ಲಿ ಬೇಸಿಗೆ ರಜೆ ಕಳೆದು ಮುಂಗಾರಿನ ಹೊತ್ತಿಗೆ ಆರಂಭವಾಗುತ್ತದೆ. ಏಪ್ರಿಲ್ ಮೇ ತಿಂಗಳ ಬಿಸಿಲು ನಮ್ಮ ದೊಡ್ಡ ರಜೆಯನ್ನು ನಿರ್ಧರಿಸಿತು. ಮಳೆ ಜೋರಾದಾಗ ಕೊಡಗು, ಮಲೆನಾಡಿನ ಜಿಲ್ಲಾಧಿಕಾರಿಗಳು ಜುಲೈನಲ್ಲಿ ಮತ್ತೆ ರಜೆ ಕೊಡುವುದನ್ನು ನೀವು ಪ್ರತಿವರ್ಷ ಓದುತ್ತೀರಿ. ಜರ್ಮನಿಯಲ್ಲಿ ಶಿಕ್ಷಣವು ಹದಿನಾರು ರಾಜ್ಯಗಳ ಕೈಯಲ್ಲಿದೆ, ಕೇಂದ್ರ ಸರ್ಕಾರದ ಕೈಯಲ್ಲಿಲ್ಲ. 1964ರಲ್ಲಿ ಆಗಿನ ಪಶ್ಚಿಮ ಜರ್ಮನಿಯ ರಾಜ್ಯಗಳು ಹ್ಯಾಂಬರ್ಗ್‌ನಲ್ಲಿ ಒಂದು ಒಪ್ಪಂದಕ್ಕೆ ಬಂದು, ವರ್ಷವನ್ನು ಆಗಸ್ಟ್ 1ರಿಂದ ಜುಲೈ 31ರವರೆಗೆ ಎಣಿಸಬೇಕು, ವರ್ಷದ ಒಟ್ಟು ರಜೆ 75 ಕೆಲಸದ ದಿನಗಳಾಗಿರಬೇಕು ಎಂದು ಗೊತ್ತುಮಾಡಿಕೊಂಡವು. ಅದಕ್ಕೆ ಮುಂಚೆ ಅಲ್ಲಿಯ ಬಹುಪಾಲು ರಾಜ್ಯಗಳಲ್ಲಿ ಈಸ್ಟರ್ ಹಬ್ಬದ ಹೊತ್ತಿಗೆ ವರ್ಷ ಶುರುವಾಗುತ್ತಿತ್ತು. ಅದನ್ನು ಬದಲಿಸಲು ಅನೇಕ ರಾಜ್ಯಗಳು 1966–67ರಲ್ಲಿ ಎರಡು ಮೊಟಕು ಶಾಲಾ ವರ್ಷಗಳನ್ನು ನಡೆಸಬೇಕಾಯಿತು. ಅಷ್ಟೊಂದು ರಾಜ್ಯಗಳು ಹೀಗೆ ತಿಂಗಳುಗಟ್ಟಲೆ ಪಾಠವನ್ನು ಕತ್ತರಿಸಿ ಹೊಂದಿಸಿಕೊಂಡಿವೆ. ನಿಮ್ಮ ಮಗಳು ಕೆಲವು ತಿಂಗಳ ವ್ಯತ್ಯಾಸವನ್ನು ಹೊಂದಿಸಿಕೊಳ್ಳಲಾರಳು ಎಂದು ನನಗನ್ನಿಸುವುದಿಲ್ಲ.

ಬೇಸಿಗೆ ರಜೆಗೆ ಇಡೀ ದೇಶ ಒಮ್ಮೆಲೇ ರಸ್ತೆಗಿಳಿಯಬಾರದು ಎಂದು ರಾಜ್ಯಗಳು ಸರದಿಯಂತೆ ಬೇರೆಬೇರೆ ವಾರಗಳಲ್ಲಿ ರಜೆ ಕೊಡುತ್ತವೆ. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ಈ ಸರದಿಯಲ್ಲಿ ಸೇರದೆ, ಯಾವಾಗಲೂ ಕೊನೆಯಲ್ಲೇ ರಜೆ ಇಟ್ಟುಕೊಳ್ಳುತ್ತವೆ. ಬವೇರಿಯಾದಲ್ಲಿ ಮೇ ಜೂನ್ ಸುಮಾರಿಗೆ ಪೆಂಟಕೋಸ್ಟ್ ಹಬ್ಬದ ಎರಡು ವಾರದ ರಜೆ ಇರುವುದರಿಂದ, ಅದರ ಬೆನ್ನಿಗೇ ಮತ್ತೆ ಆರು ವಾರ ರಜೆ ಕೊಡುವುದು ಅವರಿಗೆ ಬೇಡ. ಹಾಗಾಗಿ ಮ್ಯೂನಿಕ್‌ನಲ್ಲಿ ಶಾಲೆ ತೆರೆಯುವುದು ಸೆಪ್ಟೆಂಬರ್ ಮಧ್ಯಕ್ಕೆ, ಮುಚ್ಚುವುದು ಜುಲೈ ಕೊನೆಗೆ. ಇನ್ನುಳಿದ ರಜೆಗಳು ವರ್ಷದುದ್ದಕ್ಕೂ ಹಂಚಿಹೋಗಿವೆ: ನವೆಂಬರ್ ಆರಂಭದಲ್ಲಿ ಒಂದು ವಾರ, ಕ್ರಿಸ್‌ಮಸ್‌ಗೆ ಎರಡು, ಫೆಬ್ರವರಿ ಸುಮಾರಿಗೆ ಒಂದು, ಈಸ್ಟರ್‌ಗೆ ಎರಡು.

ಈಗ ‘ಪಾಠವೇ ಕಡಿಮೆ’ ಎಂಬ ಮಾತು. ಅಲ್ಲಿಯ ನಾಲ್ಕನೇ ತರಗತಿಯ ಒಂದು ವೇಳಾಪಟ್ಟಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಬೆಳಗ್ಗೆ 8 ಗಂಟೆಗೆ ಮೊದಲ ಪಿರಿಯಡ್, ಒಂದೊಂದು 45 ನಿಮಿಷ. ಎರಡು ಪಿರಿಯಡ್ ಮುಗಿದಾಗ ಅಂಗಳದಲ್ಲಿ ಬಿಡುವು. ಆಗ ಮಕ್ಕಳು ಡಬ್ಬಿಯಲ್ಲಿ ತಂದ ಬ್ರೆಡ್ಡು, ಸೇಬು, ಕ್ಯಾರೆಟ್ ತಿನ್ನುತ್ತಾರೆ. ಒಂದು ದಿನ 11:20ಕ್ಕೆ ಬಿಟ್ಟರೆ ಇನ್ನೊಂದು ದಿನ 12:15ಕ್ಕೆ, ಮತ್ತೊಂದು ದಿನ 1 ಗಂಟೆಗೆ ಬಿಡುತ್ತಾರೆ. ಶನಿವಾರ ಶಾಲೆಯಿಲ್ಲ. ಇದನ್ನು ನೋಡಿದರೆ ಓದು ಅರ್ಧಕ್ಕರ್ಧ ಕಡಿಮೆ ಎನ್ನಿಸುವುದು ಸಹಜ. ಆದರೆ ಕೂಡಿ ನೋಡಿ: ಮೂರು ನಾಲ್ಕನೇ ತರಗತಿಗೆ ವಾರಕ್ಕೆ ಸುಮಾರು 28 ಪಿರಿಯಡ್, ಅಂದರೆ 21 ಗಂಟೆ, ರಜೆ ಕಳೆದರೆ ವರ್ಷಕ್ಕೆ ಸುಮಾರು 38 ವಾರ, ಒಟ್ಟು 800 ಗಂಟೆಯ ಆಸುಪಾಸು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೇ ತರಗತಿಗೆ ವಿಧಿಸಿರುವ ಕನಿಷ್ಠ ಮಿತಿ 200 ದಿನ, 800 ಬೋಧನಾ ಗಂಟೆ. ಕಾನೂನಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ನಿಮ್ಮ ಶಾಲೆಯಲ್ಲಿ ಮಗಳು ಸಂಜೆಯವರೆಗೆ ಇರುವುದು ನಿಜ. ಆದರೆ ಆ ಹೊತ್ತಿನಲ್ಲಿ ಪ್ರಾರ್ಥನೆ, ಊಟ, ವಾರ್ಷಿಕೋತ್ಸವದ ತಾಲೀಮು, ಪರೀಕ್ಷೆಯ ದಿನಗಳು ಎಲ್ಲವೂ ಸೇರಿವೆ.

ಚಿಕ್ಕ ದಿನದ ಭಾರ ಬೀಳುವುದು ಮಗುವಿನ ಕಲಿಕೆಯ ಮೇಲಲ್ಲ, ತಾಯಿ ತಂದೆಯ ಮೇಲೆ. ನೀವೂ ಅಲ್ಲಿ ಕೆಲಸ ಹುಡುಕುವ ಯೋಚನೆಯಲ್ಲಿದ್ದರೆ ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಊಟಕ್ಕೆ ಮನೆಗೆ ಬರುವ ಮಗುವಿಗೆ ಮನೆಯಲ್ಲಿ ಒಬ್ಬರು ಇರುತ್ತಾರೆ ಎಂಬ ಹಳೆಯ ಊಹೆಯ ಮೇಲೆ ನಿಂತ ವ್ಯವಸ್ಥೆಯಿದು. ಅದು ಈಗ ನಿಧಾನವಾಗಿ ಬದಲಾಗುತ್ತಿದೆ. 2021ರ ಒಂದು ಕಾನೂನಿನ ಪ್ರಕಾರ 2026ರ ಆಗಸ್ಟ್‌ನಿಂದ ಒಂದನೇ ತರಗತಿಯ ಮಕ್ಕಳಿಗೆ ಇಡೀ ದಿನದ ಆರೈಕೆ ಹಕ್ಕಾಗುತ್ತದೆ, ಮುಂದಿನ ವರ್ಷಗಳಲ್ಲಿ ಒಂದೊಂದೇ ತರಗತಿ ಸೇರುತ್ತಾ ಹೋಗುತ್ತದೆ. ನಿಮ್ಮ ಮಗಳಿಗೆ ಆ ಹಕ್ಕು ಅನ್ವಯಿಸುವುದಿಲ್ಲ. ಮಧ್ಯಾಹ್ನದ ಆರೈಕೆ ಕೇಂದ್ರಗಳು, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ‘ಹೊರ್ಟ್’ಗಳು ಇವೆ. ಆದರೆ ಸೀಟುಗಳು ವಸಂತಕಾಲದಲ್ಲೇ ಹಂಚಿಕೆಯಾಗಿರುತ್ತವೆ, ನವೆಂಬರ್‌ನಲ್ಲಿ ಬಂದವರು ಕಾಯುವ ಪಟ್ಟಿಗೆ ಸೇರಬೇಕಾಗುತ್ತದೆ. ಮೊದಲ ವರ್ಷ ಮಧ್ಯಾಹ್ನಗಳು ನಿಮ್ಮವೇ ಎಂದು ತಿಳಿದು ಯೋಜನೆ ಹಾಕಿಕೊಳ್ಳಿ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಬವೇರಿಯಾದಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ನಾಲ್ಕನೇ ತರಗತಿಯ ಮೇ ತಿಂಗಳ ಆರಂಭದಲ್ಲಿ ಪ್ರತಿ ಮಗುವಿಗೂ ಒಂದು ಅರ್ಹತಾಪತ್ರ ಕೊಡುತ್ತಾರೆ. ಜರ್ಮನ್, ಗಣಿತ, ಪರಿಸರ ಪಾಠ, ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ವಿಶ್ವವಿದ್ಯಾಲಯದ ದಾರಿಯ ‘ಗಿಮ್ನಾಸಿಯಂ’, 2.66ರವರೆಗೆ ನಡು ಹಂತದ ‘ರಿಯಾಲ್‌ಶೂಲೆ’, ಉಳಿದವರು ಕಸಬಿನ ತರಬೇತಿಯ ಕಡೆಗೆ ಸಾಗುವ ‘ಮಿಟ್ಟೆಲ್‌ಶೂಲೆ’. ಅಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ತೀರಾ ಕಳಪೆ ಎಂಬುದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಸರಾಸರಿ ಸಾಲದೆ ಹೋದ ಮಕ್ಕಳಿಗೆ ಮೂರು ದಿನದ ಪರೀಕ್ಷಾರ್ಥ ತರಗತಿ ಇರುತ್ತದೆ, ಅದರಲ್ಲಿ ಗೆದ್ದವರು ಮೇಲಿನ ಶಾಲೆಗೆ ಸೇರಬಹುದು. ತಡವಾಗಿ ಜರ್ಮನ್ ಕಲಿತ ಮಕ್ಕಳಿಗೆ ಸರಾಸರಿಯಲ್ಲಿ ಸಡಿಲಿಕೆಯೂ ಇದೆ. ಆದರೂ ಪರೀಕ್ಷೆಗಳೆಲ್ಲ ಜರ್ಮನ್‌ನಲ್ಲೇ. ಗಣಿತದ ಮಾತಿನ ಲೆಕ್ಕವೊಂದನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ಭಾಷೆ ಆರು ತಿಂಗಳಲ್ಲಿ ಬರುವುದು ಜಾಣ ಮಕ್ಕಳಿಗೂ ಕಷ್ಟ.

‘ಹತ್ತು ವರ್ಷಕ್ಕೇ ಹಣೆಬರಹ’ ಎಂಬುದು ಹಾಗಾಗಿ ಅರ್ಧ ನಿಜ. ವಿಂಗಡಣೆ ಆಗುವುದು ನಿಜ, ಅದು ಜರ್ಮನಿಯ ಒಳಗೂ ತೀವ್ರವಾಗಿ ಚರ್ಚೆಯಾಗುವ ವಿಷಯ. ಬರ್ಲಿನ್, ಬ್ರಾಂಡೆನ್‌ಬುರ್ಗ್ ರಾಜ್ಯಗಳು ಪ್ರಾಥಮಿಕ ಶಾಲೆಯನ್ನು ಆರು ವರ್ಷ ನಡೆಸುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಒಂಬತ್ತು ಹತ್ತರ ವಯಸ್ಸು ಈ ನಿರ್ಧಾರಕ್ಕೆ ತೀರಾ ಬೇಗ. ಆದರೆ ಬಾಗಿಲು ಮುಚ್ಚಿಹೋಗುತ್ತದೆ ಎಂಬುದು ಸುಳ್ಳು. ಐದನೇ ತರಗತಿಯ ನಂತರ ಒಳ್ಳೆಯ ಅಂಕಗಳಿದ್ದರೆ ಶಾಲೆ ಬದಲಿಸಬಹುದು. ರಿಯಾಲ್‌ಶೂಲೆ ಮುಗಿಸಿದವರು ‘ಫಾಖ್‌ಓಬರ್‌ಶೂಲೆ’ ಎಂಬ ಮುಂದಿನ ಹಂತದ ಶಾಲೆಯ ಮೂಲಕ ವಿಶ್ವವಿದ್ಯಾಲಯಕ್ಕೂ ಹೋಗುತ್ತಾರೆ. ಮೂರು ವರ್ಷಕ್ಕೆ ಮರಳುವ ನಿಮ್ಮ ಮಗಳಿಗೆ ಇದು ಹಣೆಬರಹದ ಪ್ರಶ್ನೆಯೇ ಅಲ್ಲ. ಆದರೂ ಅದನ್ನು ಕಡೆಗಣಿಸಬೇಡಿ, ಏಕೆಂದರೆ ಮೂರು ವರ್ಷವೆಂದು ಹೋದವರು ಆರು ವರ್ಷ, ಹತ್ತು ವರ್ಷ ಉಳಿಯುವುದನ್ನು ನಾನು ಪದೇಪದೇ ನೋಡಿದ್ದೇನೆ.

ಈ ಹಿನ್ನೆಲೆಯಲ್ಲಿ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ.

ಏಪ್ರಿಲ್‌ನಲ್ಲಿ ಹೋದರೆ ಏನಾಗುತ್ತದೆ? ನಾಲ್ಕನೇ ತರಗತಿ ಪಾಸಾದ ಮಗು ಅಲ್ಲಿ ನಾಲ್ಕನೇ ತರಗತಿಯ ಕೊನೆಯ ಮೂರು ಚಿಲ್ಲರೆ ತಿಂಗಳಿಗೆ ಸೇರುತ್ತದೆ. ಅರ್ಹತಾಪತ್ರದ ಹೊತ್ತಿಗೆ ಆಕೆಗೆ ತರಗತಿಯ ಗೆಳತಿಯರ ಹೆಸರು ಕಲಿಯುವಷ್ಟೂ ಸಮಯ ಸಿಕ್ಕಿರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಐದನೇ ತರಗತಿಗೆ, ಸಾಮಾನ್ಯವಾಗಿ ಮಿಟ್ಟೆಲ್‌ಶೂಲೆಯ ಭಾಷಾ ತರಗತಿಗೆ, ಮತ್ತೊಂದು ಹೊಸ ಕಟ್ಟಡ, ಹೊಸ ಶಿಕ್ಷಕರ ಬಳಿಗೆ ಹೋಗಬೇಕಾಗುತ್ತದೆ. ಹುಬ್ಬಳ್ಳಿಯಿಂದ ಹೀಗೆ ‘ವರ್ಷ ಮುಗಿಸಿಕೊಂಡು’ ಹೋದ ಒಂದು ಕುಟುಂಬ ನನ್ನ ಸಲಹೆಗೆ ಬಂದದ್ದು ಆ ಮೇಲೆ. ಹುಡುಗ ಗಣಿತದಲ್ಲಿ ತರಗತಿಗೇ ಮುಂದಿದ್ದ, ಆದರೆ ಅದನ್ನು ತೋರಿಸಲು ಅವನಿಗೆ ಭಾಷೆಯೂ ಇರಲಿಲ್ಲ, ಸಮಯವೂ ಇರಲಿಲ್ಲ. ಮೇಲಿನ ಶಾಲೆಗೆ ಬರಲು ಅವನಿಗೆ ಎರಡು ವರ್ಷ ಹಿಡಿಯಿತು. ಈ ದಾರಿಯಲ್ಲಿ ಇಲ್ಲಿಯ ವರ್ಷ ಉಳಿಯುತ್ತದೆ, ಅಲ್ಲಿಯದು ಹೋಗುತ್ತದೆ.

ನವೆಂಬರ್‌ನಲ್ಲೇ ಹೋಗಿ ನಾಲ್ಕನೇ ತರಗತಿಗೆ ಸೇರುವುದು ಅದಕ್ಕಿಂತ ಸ್ವಲ್ಪ ಮೇಲು, ಆದರೂ ಆರು ತಿಂಗಳಲ್ಲಿ ಮೇ ಬರುತ್ತದೆ. ನಾನು ನಿಮಗೆ ಹೇಳುವುದು ಇದಲ್ಲ.

ನವೆಂಬರ್‌ನಲ್ಲಿ ಮೂವರೂ ಒಟ್ಟಿಗೆ ಹೋಗಿ, ಮಗಳನ್ನು ಮೂರನೇ ತರಗತಿಗೆ ಸೇರಿಸಿಕೊಳ್ಳುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿ. ಆಗ ಅರ್ಹತಾಪತ್ರ ಬರುವುದು 2028ರ ಮೇ ತಿಂಗಳಿಗೆ, ಭಾಷೆ ಕಲಿಯಲು ಒಂದೂವರೆ ವರ್ಷ ಸಿಗುತ್ತದೆ. ‘ಪಾಸಾದ ತರಗತಿಗೇ ಮತ್ತೆ ಕೂರಿಸುವುದೇ’ ಎಂದು ಮನೆಯಲ್ಲಿ ಕೇಳುತ್ತಾರೆ, ನನಗೆ ಗೊತ್ತು. ಅದಕ್ಕೆ ನಿಮ್ಮ ಮಗಳ ಹುಟ್ಟಿದ ತಿಂಗಳೇ ಉತ್ತರ ಕೊಡುತ್ತದೆ. ಬವೇರಿಯಾದಲ್ಲಿ ಸೆಪ್ಟೆಂಬರ್ 30ರೊಳಗೆ ಆರು ತುಂಬುವ ಮಕ್ಕಳು ಆ ವರ್ಷ ಒಂದನೇ ತರಗತಿಗೆ ಸೇರುತ್ತಾರೆ. ಆದರೆ ಜುಲೈ 1ರಿಂದ ಸೆಪ್ಟೆಂಬರ್ 30ರ ನಡುವೆ ಆರು ತುಂಬುವ ಮಕ್ಕಳನ್ನು ಒಂದು ವರ್ಷ ತಡವಾಗಿ ಸೇರಿಸುವ ಆಯ್ಕೆ 2019ರಿಂದ ತಾಯಿ ತಂದೆಗಿದೆ. ಆಗಸ್ಟ್‌ನಲ್ಲಿ ಹುಟ್ಟಿದ ನಿಮ್ಮ ಮಗಳ ಓರಗೆಯ ಎಷ್ಟೋ ಜರ್ಮನ್ ಮಕ್ಕಳು ಈ ವರ್ಷ ಮೂರನೇ ತರಗತಿಯಲ್ಲೇ ಇರುತ್ತಾರೆ. ಇನ್ನು ನಮ್ಮ ಕರ್ನಾಟಕದ ನಿಯಮವನ್ನೇ ನೋಡಿ: ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬುದು ಈಗಿನ ಕ್ರಮ. ಆ ಲೆಕ್ಕ ಹಾಕಿದರೆ 2017ರ ಆಗಸ್ಟ್‌ನ ಮಗು 2024ರ ಜೂನ್‌ನಲ್ಲಿ ಒಂದನೇ ತರಗತಿಗೆ ಬಂದು, ಈಗ ಮೂರನೇ ತರಗತಿಯಲ್ಲಿ ಇರುತ್ತದೆ. ನಿಮ್ಮ ಮಗಳು ಹಳೆಯ ಸಡಿಲ ನಿಯಮದಲ್ಲಿ ಒಂದು ವರ್ಷ ಮುಂಚೆ ಸೇರಿದವಳು. ಮೂರನೇ ತರಗತಿಯಲ್ಲಿ ಕೂತರೆ ಆಕೆ ಹಿಂದೆ ಬೀಳುವುದಿಲ್ಲ, ತನ್ನ ವಯಸ್ಸಿನವರ ಜೊತೆಗೆ ಸೇರುತ್ತಾಳೆ.

ಇದರಲ್ಲಿ ಎರಡು ತೊಡಕುಗಳಿವೆ. ತರಗತಿಯನ್ನು ತೀರ್ಮಾನಿಸುವುದು ಶಾಲೆ, ನೀವು ಕೇಳಬಹುದು ಅಷ್ಟೆ. ಮತ್ತು ಸರ್ಕಾರಿ ಪ್ರಾಥಮಿಕ ಶಾಲೆಯನ್ನು ನೀವು ಆರಿಸುವಂತಿಲ್ಲ, ಮನೆ ಯಾವ ಬೀದಿಯಲ್ಲಿದೆಯೋ ಆ ವಲಯದ ಶಾಲೆಯೇ ನಿಮ್ಮದು. ಜರ್ಮನ್ ಬಾರದ ಮಕ್ಕಳಿಗಾಗಿ ನಡೆಸುವ ‘ಡಾಯ್ಚ್‌ಕ್ಲಾಸೆ’ ಎಂಬ ಭಾಷಾ ತರಗತಿ ಎಲ್ಲ ಶಾಲೆಗಳಲ್ಲೂ ಇರುವುದಿಲ್ಲ. ಅದಿಲ್ಲದ ಕಡೆ ಸಾಮಾನ್ಯ ತರಗತಿಯಲ್ಲೇ ಕೂರಿಸಿ ಹೆಚ್ಚುವರಿ ಜರ್ಮನ್ ಪಾಠ ಕೊಡುತ್ತಾರೆ. ಹಾಗಾಗಿ ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕುವ ಮುನ್ನ ಆ ವಿಳಾಸದ ಶಾಲೆ ಯಾವುದೆಂದು ನಿಮ್ಮ ಪತಿ ವಿಚಾರಿಸಲಿ. ಬಹಳ ಜನ ಆಫೀಸಿಗೆ ಎಷ್ಟು ದೂರ ಎಂಬುದನ್ನು ಮಾತ್ರ ನೋಡುತ್ತಾರೆ.

ಕಂಪನಿ ಒಪ್ಪಿ, ಎರಡು ತಿಂಗಳು ಮುಂಚೆ ಹೊರಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಸೆಪ್ಟೆಂಬರ್ ಮಧ್ಯದ ಮೊದಲ ದಿನ ತರಗತಿಯಲ್ಲಿ ಎಲ್ಲರೂ ಹೊಸ ಜಾಗ ಹುಡುಕುತ್ತಿರುತ್ತಾರೆ, ಆ ದಿನ ಹೊಸಬಳಾಗಿರುವುದು ಸುಲಭ.

ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಶಾಲೆಗಳೂ ಮ್ಯೂನಿಕ್ ಸುತ್ತ ಇವೆ. ಶುಲ್ಕ ವರ್ಷಕ್ಕೆ 15,000 ಯೂರೋಗಿಂತ ಹೆಚ್ಚು. ಕಂಪನಿಯೇ ಭರಿಸುವುದಾದರೆ, ಮೂರು ವರ್ಷಕ್ಕೆ ಮರಳುವುದು ಖಂಡಿತವಾದರೆ, ಅದೂ ಒಪ್ಪತಕ್ಕ ದಾರಿಯೇ: ಓದು ಮುರಿಯುವುದಿಲ್ಲ, ವಿಂಗಡಣೆಯ ಚಿಂತೆಯಿಲ್ಲ. ಆದರೆ ಬೀದಿಯ ಮಕ್ಕಳ ಜೊತೆ ಆಡುವ ಭಾಷೆ ಬಾರದೆ ಹೋಗಬಹುದು. ಕಂಪನಿ ಎರಡನೇ ವರ್ಷ ಶುಲ್ಕ ನಿಲ್ಲಿಸಿದರೆ ಐದನೇ ತರಗತಿಯ ವಯಸ್ಸಿನ ಮಗು ಜರ್ಮನ್ ಇಲ್ಲದೆ ಸರ್ಕಾರಿ ಶಾಲೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಶುಲ್ಕದ ಮಾತು ಪೂರ್ತಿ ಅವಧಿಗೆ ಬರಹದಲ್ಲಿ ಇರಲಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಅಲ್ಲಿ ಶಾಲೆಗೆ ಹೋಗುವುದು ಕಾನೂನಿನ ಕಡ್ಡಾಯ, ಮನೆಯಲ್ಲೇ ಓದಿಸುವುದಕ್ಕೆ ಅವಕಾಶವಿಲ್ಲ. ತಂಗಿಯ ಮದುವೆ ಫೆಬ್ರವರಿಯಲ್ಲಿದೆ, ಒಂದು ವಾರ ಮುಂಚೆ ಹೊರಡೋಣ ಎಂದರೆ ಶಾಲೆಯ ಅನುಮತಿ ಬೇಕು, ಅದು ಸುಲಭವಾಗಿ ಸಿಗುವುದಿಲ್ಲ. ಅಗ್ಗದ ಟಿಕೆಟ್ ಸಿಕ್ಕಿತೆಂಬ ಕಾರಣಕ್ಕಂತೂ ಸಿಗುವುದೇ ಇಲ್ಲ. 2018ರಲ್ಲಿ ಪೆಂಟಕೋಸ್ಟ್ ರಜೆಗೆ ಮುಂಚೆಯೇ ಮಕ್ಕಳನ್ನು ಕರೆದುಕೊಂಡು ಹೊರಟಿದ್ದ ಕುಟುಂಬಗಳನ್ನು ಮೆಮ್ಮಿಂಗೆನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ತಡೆದು ವಿಚಾರಿಸಿದ್ದು ದೊಡ್ಡ ಸುದ್ದಿಯಾಗಿತ್ತು, ದಂಡವೂ ಬೀಳುತ್ತದೆ. ಊರಿಗೆ ಬರುವುದು ಆಗಸ್ಟ್‌ನಲ್ಲಿ ಅಥವಾ ಕ್ರಿಸ್‌ಮಸ್‌ಗೆ ಎಂದು ಅಜ್ಜ ಅಜ್ಜಿಗೆ ಈಗಲೇ ತಿಳಿಸಿಬಿಡಿ. ಆ ಮೂರು ವರ್ಷ ಮೈಸೂರು ದಸರೆ ಮಗಳಿಗೆ ಸಿಗುವುದಿಲ್ಲ. ಆಗಸ್ಟ್‌ನಲ್ಲಿ ಬಂದಾಗ ಇಲ್ಲಿಯ ಗೆಳತಿಯರು ಶಾಲೆಯಲ್ಲಿರುತ್ತಾರೆ ಎಂಬುದು ಮಕ್ಕಳಿಗೆ ನಾವೆಣಿಸುವುದಕ್ಕಿಂತ ಹೆಚ್ಚು ನೋವು ಕೊಡುತ್ತದೆ, ಅದನ್ನೂ ಮುಂಚೆಯೇ ಆಕೆಗೆ ಹೇಳಿ.

ಮರಳುವ ಪ್ರಶ್ನೆ. 2029ರ ನವೆಂಬರ್‌ನಲ್ಲಿ ಬಂದರೆ ಆಕೆ ಅಲ್ಲಿ ಆರನೇ ತರಗತಿಯಲ್ಲಿರುತ್ತಾಳೆ, ಹಳೆಯ ಸಹಪಾಠಿಗಳು ಇಲ್ಲಿ ಏಳರಲ್ಲಿರುತ್ತಾರೆ. ಕೆಲವು ಶಾಲೆಗಳು ವಯಸ್ಸು ನೋಡಿ ಏಳಕ್ಕೆ ಸೇರಿಸಿಕೊಳ್ಳುತ್ತವೆ, ಕೆಲವು ಆರಕ್ಕೇ ಎನ್ನುತ್ತವೆ. ಆರಕ್ಕೆ ಎಂದರೆ ಬೇಸರಪಡಬೇಡಿ, ಮೇಲೆ ಹೇಳಿದಂತೆ ವಯಸ್ಸಿಗೆ ಅದೇ ಸರಿ. ಎಂಟನೇ ತರಗತಿಯವರೆಗೆ ಯಾವ ತಿಂಗಳಲ್ಲಿ ಬಂದರೂ ನಿಭಾಯಿಸಬಹುದು. ಒಂಬತ್ತನೆಯದಕ್ಕೆ ಮಾತ್ರ ಏಪ್ರಿಲ್ ಆರಂಭಕ್ಕೇ ಇಲ್ಲಿರಬೇಕು, ಏಕೆಂದರೆ ಹತ್ತನೇ ತರಗತಿಯ ಪರೀಕ್ಷೆಗೆ ಸಿಬಿಎಸ್‌ಇ ಹೆಸರು ನೋಂದಾಯಿಸುವುದು ಒಂಬತ್ತರಲ್ಲೇ. ವಾಸ್ತವ್ಯ ಮುಂದುವರಿದರೆ ಈ ಗಡಿಯನ್ನು ನೆನಪಿಡಿ. ಜೊತೆಗೆ, 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದಾಗಿ ಇಲ್ಲಿಯ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಓದಲೇಬೇಕು. ಮನೆಯಲ್ಲಿ ಮಾತಾಡಿದರೆ ಸಾಲದು. ಒತ್ತಕ್ಷರ ಮರೆಯದಂತೆ ವಾರಕ್ಕೆರಡು ಪುಟ ಬರೆಸಿ. ಜರ್ಮನಿಯ ಕನ್ನಡ ಕೂಟಗಳು ಮಕ್ಕಳಿಗೆ ವಾರಾಂತ್ಯದ ತರಗತಿ ನಡೆಸುವುದುಂಟು, ಹೋದ ಕೂಡಲೇ ವಿಚಾರಿಸಿ.

ಹೊರಡುವ ಮುನ್ನ ಇಲ್ಲಿಯ ಶಾಲೆಯಿಂದ ಟಿಸಿ, ಹಿಂದಿನ ಎರಡು ಮೂರು ವರ್ಷದ ಪ್ರಗತಿಪತ್ರ ತೆಗೆದುಕೊಳ್ಳಿ. ಅವನ್ನೂ ಜನನ ಪ್ರಮಾಣಪತ್ರವನ್ನೂ ಮಾನ್ಯತೆ ಪಡೆದ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿಡಿ. ದಡಾರದ ಎರಡೂ ಡೋಸ್ ಆಗಿರುವ ದಾಖಲೆ ಕೈಯಲ್ಲಿರಲಿ, 2020ರ ಮಾರ್ಚ್‌ನಿಂದ ಅದನ್ನು ಅಲ್ಲಿಯ ಶಾಲೆಗಳು ಕೇಳಿಯೇ ಕೇಳುತ್ತವೆ. ಮರಳುವಾಗ ಅಲ್ಲಿಯ ಅಂಕಪಟ್ಟಿಯ ಜೊತೆ, 1 ಎಂದರೆ ಅತ್ಯುತ್ತಮ ಎಂದು ವಿವರಿಸುವ ಒಂದು ಪತ್ರವನ್ನು ಶಾಲೆಯಿಂದ ಬರೆಸಿಕೊಂಡು ಬನ್ನಿ. ಗಣಿತದಲ್ಲಿ 1 ಪಡೆದ ಮಗುವನ್ನು ಪ್ರವೇಶದ ಕಿಟಕಿಯಲ್ಲಿ ನಪಾಸೆಂದು ತಿಳಿದು ಮರುಪರೀಕ್ಷೆಗೆ ಕೂರಿಸಿದ್ದನ್ನು ನಾನು ಕಂಡಿದ್ದೇನೆ. ಸದ್ಯಕ್ಕೆ ಮೊದಲ ಕೆಲಸವೆಂದರೆ, ಹೊರಡುವ ದಿನವನ್ನು ಸೆಪ್ಟೆಂಬರ್ ಮೊದಲ ವಾರಕ್ಕೆ ತರಲು ಆಗುತ್ತದೆಯೇ ಎಂದು ನಿಮ್ಮ ಪತಿ ಕಂಪನಿಯಲ್ಲಿ ಕೇಳುವುದು. ಆ ಉತ್ತರ ಬರುವವರೆಗೆ ಮಗಳಿಗೆ ದಿನಕ್ಕೆ ಅರ್ಧ ಗಂಟೆ ಜರ್ಮನ್ ಪಾಠ ಶುರುಮಾಡಿಸಿ.